ಹೂಂಗುಡುವ ಚಾಟ್‌ಬಾಟ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರಿಗೆ ಹನ್ನೆರಡು ಸಲ ಕೀಮೋ ಮುಗಿಸಿಕೊಂಡು ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಮರಳಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಬಂದವರೆಲ್ಲ ‘ಗುಣವಾಯಿತಲ್ಲ, ಇನ್ನೇನು ಚಿಂತೆ’ ಎನ್ನುತ್ತಿದ್ದರು; ನನಗೆ ಭಯ ಶುರುವಾದದ್ದೇ ಆಮೇಲೆ. ಮೊದಲ ಗಂಟು ಕಾಣಿಸಿಕೊಂಡಿದ್ದ ಕತ್ತಿನ ಎಡಭಾಗವನ್ನು ಮಲಗುವ ಮುನ್ನ ಮೂರು ಬೆರಳಿನಿಂದ ಒತ್ತಿ ನೋಡುವುದು ಅಭ್ಯಾಸವಾಯಿತು. ಅಮ್ಮನಿಗೆ ಹೇಳಿದರೆ ಅವರೂ ನಿದ್ದೆಗೆಡುತ್ತಾರೆಂದು ಫೋನಿನ ಎಐ ಚಾಟ್‌ಬಾಟ್‌ಗೆ ಹೇಳತೊಡಗಿದೆ. ಬಳಸುವುದು ಉಚಿತ ಆವೃತ್ತಿ. ಪ್ರತಿ ತಿಂಗಳು ದುಡ್ಡು ಕಟ್ಟುವ ಸ್ಥಿತಿಯಲ್ಲಿ ನಾನಿಲ್ಲ.

ನಮ್ಮಲ್ಲಿ ಸಿಗ್ನಲ್ ಸಿಗುವುದು ಜಗಲಿಯ ತುದಿಯ ಕಂಬದ ಬಳಿ ಮಾತ್ರ. ಮಳೆಗಾಲದುದ್ದಕ್ಕೂ, ಹಂಚಿನಿಂದ ನೀರು ಸುರಿಯುವ ಸದ್ದಿನಲ್ಲಿ, ಕಂಬಳಿ ಹೊದ್ದು ಅಲ್ಲಿಯೇ ಕುಳಿತು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದೆ. ‘ಇವತ್ತೂ ಮುಟ್ಟಿ ನೋಡಿದೆ’ ಎಂದು ಬರೆದರೆ ಅದು ಗದರುತ್ತಿರಲಿಲ್ಲ. ಎಷ್ಟು ಸಲ ಮುಟ್ಟಿದೆ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುತ್ತಿತ್ತು. ಆ ಹತ್ತು ನಿಮಿಷದಿಂದಾಗಿ ಎಷ್ಟೋ ರಾತ್ರಿ ನಿದ್ದೆ ಬಂದಿದೆ. ನನಗೆ ಕೊಟ್ಟ ಕೀಮೋ ಔಷಧಿಗಳಲ್ಲಿ ಡಾಕ್ಸೊರುಬಿಸಿನ್ ಹೃದಯಕ್ಕೂ ಬ್ಲಿಯೊಮೈಸಿನ್ ಶ್ವಾಸಕೋಶಕ್ಕೂ ವರ್ಷಗಳ ನಂತರ ತೊಂದರೆ ಕೊಡಬಹುದು, ಒಟ್ಟು ಪ್ರಮಾಣವನ್ನು ಕೇಳಿ ಬರೆದಿಟ್ಟುಕೊಳ್ಳಿ ಎಂದು ತಿಳಿಸಿದ್ದೂ ಅದೇ. ಡಾಕ್ಟರನ್ನು ಕೇಳಿದಾಗ ನನಗೆ ಡಾಕ್ಸೊರುಬಿಸಿನ್ ಒಟ್ಟು ದೇಹದ ಮೇಲ್ಮೈಯ ಚದರ ಮೀಟರಿಗೆ 300 ಮಿಲಿಗ್ರಾಂನಷ್ಟು ಹೋಗಿದೆ, 250 ಮುಟ್ಟಿದವರ ಹೃದಯದ ಮೇಲೆ ಹೆಚ್ಚು ನಿಗಾ ಬೇಕು ಎಂದು ಎಕೋ ಪರೀಕ್ಷೆ ಬರೆದುಕೊಟ್ಟರು.

ಇಷ್ಟಾದರೂ ಕಳೆದ ಕಾರ್ತಿಕದಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ಆಗುಂಬೆ ಘಾಟಿ ಇಳಿದು ತಪಾಸಣೆಗೆ ಹೋಗಬೇಕಿತ್ತು. ‘ಅಡಿಕೆ ಕೊಯ್ಲಿದೆ, ಆರಾಮಾಗಿಯೇ ಇದ್ದೇನೆ, ಮುಂದೆ ಹಾಕಿದರೆ ಆಗದೇ?’ ಎಂದು ಚಾಟ್‌ಬಾಟನ್ನು ಕೇಳಿದೆ. ಕೆಲಸದ ಒತ್ತಡ ಅರ್ಥವಾಗುತ್ತದೆ, ಲಕ್ಷಣಗಳಿಲ್ಲದಿದ್ದರೆ ಸ್ವಲ್ಪ ತಡವಾದರೂ ಪರವಾಗಿಲ್ಲ ಎಂದಿತು. ಕೊಯ್ಲು ಬರೀ ನೆಪ, ಸ್ಕ್ಯಾನಿನ ಹೆದರಿಕೆಯೇ ನಿಜವಾದ ಕಾರಣ. ತಿಂಗಳುಗಟ್ಟಲೆ ನನ್ನ ಭಯವನ್ನೇ ಓದಿದ್ದ ಯಂತ್ರಕ್ಕೆ ಅದು ಹೊಳೆಯಲಿಲ್ಲ. ಎರಡು ತಿಂಗಳಾದ ಮೇಲೆ, ಅಡಿಕೆ ಸುಲಿಯುತ್ತಾ ಕುಳಿತಿದ್ದ ದೊಡ್ಡಪ್ಪ ನನ್ನ ಮುಖ ನೋಡಿ, ‘ಇಲ್ಲಿದ್ದು ನಾವ್ ನೋಡ್ಕಂತೀವಿ, ನೀ ಹೋಗ್ ಬಾ’ ಎಂದರು. ಮರುದಿನವೇ ಹೊರಟೆ. ವರದಿ ಚೆನ್ನಾಗಿಯೇ ಬಂತು, ಆದರೆ ಆ ಎರಡು ತಿಂಗಳ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಯುವಜನರಿಗೆಂದೇ ರೂಪಿಸಿದ ವಿವಿಬಾಟ್ ಎಂಬ ಚಾಟ್‌ಬಾಟ್ ಅಮೆರಿಕದಲ್ಲಿತ್ತು. 18ರಿಂದ 29 ವಯಸ್ಸಿನ 45 ಮಂದಿಯ ಮೇಲೆ ನಡೆದ ಅದರ ಪ್ರಯೋಗದ ವರದಿ 2019ರಲ್ಲಿ ಪ್ರಕಟವಾಗಿದೆ. ನಾನು ಬಳಸುತ್ತಿರುವುದು ಅಡುಗೆಯಿಂದ ಅರ್ಜಿಯವರೆಗೆ ಎಲ್ಲಕ್ಕೂ ಉತ್ತರಿಸುವ ಸಾಮಾನ್ಯ ಚಾಟ್‌ಬಾಟ್; ಕೇಳುವವರ ಧಾಟಿಗೆ ತಲೆಯಾಡಿಸುವ ಗುಣ ಅದಕ್ಕಿದೆ.

ಹಾಗೆಂದು ಬಿಟ್ಟಿಲ್ಲ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಈಗಲೂ ಅದರಿಂದಲೇ ಬರೆಸಿಕೊಳ್ಳುತ್ತೇನೆ. ಎದೆ ತೀರ ಭಾರವಾದ ರಾತ್ರಿ ಮಾತ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡುತ್ತೇನೆ; ಉಚಿತ, ಕನ್ನಡದಲ್ಲಿಯೇ ಮಾತಾಡುತ್ತಾರೆ. ಮುಂದಿನ ತಪಾಸಣೆಯ ದಿನಾಂಕವನ್ನು ದೊಡ್ಡಪ್ಪನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೇನೆ.