ಮಾವಿನ ಮೊಗ್ಗು ಹೂವಾಗಬೇಕಾದರೆ: ಕತ್ತರಿಯೋ, ಔಷಧಿಯೋ?

ಹೊಸನಗರ, ತೀರ್ಥಹಳ್ಳಿ ಕಡೆ ಹಿತ್ತಿಲಲ್ಲಿ ಆಪೂಸ್ ಬೆಳೆಸಿದವರ ದೂರು ಒಂದೇ: ಚಿಗುರು ಬೇಕಾದಷ್ಟು, ಹೂವು ಮಾತ್ರ ಇಲ್ಲ. ನಮ್ಮ ಕಸಿ ಮರಗಳಿಗೆ ಒಂದೊಂದಕ್ಕೆ ಒಂದೊಂದು ಉಪಾಯ ಮಾಡಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕತ್ತರಿಗೆ.

ಸೇಬಿನ ಮರದಲ್ಲಿ ಬರುವ ವರ್ಷದ ಹೂಮೊಗ್ಗು ಈ ಬೇಸಿಗೆಯಲ್ಲೇ ಮೂಡಿ ಚಳಿಗಾಲವಿಡೀ ಮಲಗಿರುತ್ತದೆ. ಮಾವು ಹಾಗಲ್ಲ. ರೆಂಬೆ ತುದಿಯ ಮೊಗ್ಗು ಉಬ್ಬಿ ಹೊರಡುವ ಹೊತ್ತಿಗೇ ಎಲೆಯೋ ಹೂವೋ ಅಂತ ತೀರ್ಮಾನವಾಗುತ್ತದೆ. ಆಗ ರಾತ್ರಿ ತಂಪಿದ್ದು ರೆಂಬೆ ಬಲಿತಿದ್ದರೆ ಹೂವು. ಸೆಖೆಯಿದ್ದರೆ, ರೆಂಬೆ ಎಳೆಯದಾದರೆ ಚಿಗುರು. ನಡುವೆ ಸಿಕ್ಕಿಕೊಂಡರೆ ಒಂದೇ ಗೊಂಚಲಲ್ಲಿ ಎಲೆಯೂ ಹೂವೂ ಒಟ್ಟಿಗೆ ಬರುತ್ತವೆ, ನೋಡಿರುತ್ತೀರಿ ಅಲ್ವಾ? ನಮ್ಮಲ್ಲಿ ಚಳಿಗೇನೂ ಬರವಿಲ್ಲ. ಕಾಟ ಕೊಡುವುದು ಅಕ್ಟೋಬರ್ ಮಳೆ. ಕುಡಿ ಬಲಿಯಲು ನಾಲ್ಕೈದು ತಿಂಗಳು ಬೇಕು. ಆ ಮಳೆಗೆ ಚಿಗುರಿದ್ದು ಡಿಸೆಂಬರ್ ಚಳಿ ಬಂದಾಗ ಇನ್ನೂ ಎಳೆಯದಾಗಿಯೇ ಇರುತ್ತದೆ.

ಕಾಯಿ ಕೊಯ್ದ ಕೂಡಲೇ ಸವರಿದರೆ ಲೆಕ್ಕ ಸರಿಹೋಗುತ್ತದೆ. ಜೂನ್‌ನಲ್ಲಿ ರೆಂಬೆಗಳ ತುದಿ ಕತ್ತರಿಸಿ, ಒಳಗಿನ ಒಣಕಲು ತೆಗೆದರೆ ಹೊಸ ಚಿಗುರು ಜುಲೈಗೇ ಬಂದು, ಚಳಿ ಹೊತ್ತಿಗೆ ಬಲಿತು ಕೂತಿರುತ್ತದೆ. ಮಲೆನಾಡಿನ ಮಳೆಯಲ್ಲಿ ಕತ್ತರಿಸಿದ ಜಾಗ ಕೊಳೆಯುವ ಭಯ ಇದ್ದೇ ಇದೆ. ಅದಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಬೇಕು. ಅಡಿಕೆಯ ಕೊಳೆರೋಗಕ್ಕೆ ತಂದ ಇವೆರಡೂ ಮನೆಯಲ್ಲಿ ಹೇಗೂ ಇರುತ್ತವಲ್ಲ. ಹೂವು ಎಲ್ಲ ರೆಂಬೆಗೂ ಬರಲಿಲ್ಲ, ಆದರೆ ಮರ ಪೂರಾ ಬರಿದಾಗಿ ನಿಂತ ವರ್ಷವೂ ಇಲ್ಲ. ಆಪೂಸ್ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುವ ಜಾತಿ. ಅದರ ಮಟ್ಟಿಗೆ ಇದು ದೊಡ್ಡದೇ.

ಹೂವಿನ ರಾಶಿಯೇ ಬೇಕೆಂದರೆ ಪ್ಯಾಕ್ಲೋಬ್ಯೂಟ್ರಜಾಲ್ ಎಂಬ ಔಷಧಿ ಗೆಲ್ಲುತ್ತದೆ, ಸುಳ್ಳು ಹೇಳಬಾರದು. ಚಿಗುರು ಉದ್ದವಾಗಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನು ಮರದೊಳಗೆ ತಯಾರಾಗುವುದನ್ನೇ ಅದು ತಡೆಯುತ್ತದೆ. ಮಳೆ ಬಿಡುವು ಕೊಟ್ಟಾಗ ನೀರಲ್ಲಿ ಕಲಸಿ ಬುಡದ ಸುತ್ತ ಹೊಯ್ದರೆ ಹೂವು ಬೇಗ ಬರುತ್ತದೆ, ದಂಡಿಯಾಗಿ ಬರುತ್ತದೆ. ನಮ್ಮಲ್ಲಿ ಹಾಗೆ ಬೇಗ ಬಂದ ಹೂವು ಮಂಜಿಗೆ ಸಿಕ್ಕಿ ಅರ್ಧದಷ್ಟಕ್ಕೆ ಬೂದಿರೋಗ ಬಡಿಯಿತು. ಮುಂದಿನ ಚಿಗುರು ಗಿಡ್ಡಗಿಡ್ಡವಾಗಿ ಗುಪ್ಪೆ ಕಟ್ಟಿತು. ಔಷಧಿ ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಅಡಿಕೆ, ಕಾಳುಮೆಣಸಿನ ಬೇರು ಮಾವಿನ ಬೇರಿನ ಜೊತೆ ಹೆಣೆದುಕೊಂಡಿರುವ ನಮ್ಮಂಥ ತೋಟಕ್ಕೆ ಇದು ನನಗೆ ಒಗ್ಗಲಿಲ್ಲ. ಬಯಲಿನಲ್ಲಿ ಮಾವೊಂದನ್ನೇ ಹಾಕಿದವರ ಲೆಕ್ಕ ಬೇರೆ ಇರಬಹುದು.

ರೆಂಬೆಯ ತೊಗಟೆಯನ್ನು ಉಂಗುರದ ಹಾಗೆ ಕಿತ್ತರೆ ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿಯದೆ ಮೇಲೇ ನಿಂತು ಹೂವು ಬರುತ್ತದೆ. ಬಂತು ಕೂಡ. ಆದರೆ ಗಾಯ ಮಾಯದೆ ಅಂಟು ಸುರಿಯಿತು. ನಮ್ಮ ಥಂಡಿಗೆ ಇದು ಬೇಡ. ಹೂವು ಬರಲೆಂದು ಮರದಡಿ ಹಸಿ ಸೊಪ್ಪಿನ ಹೊಗೆ ಹಾಕಿದ್ದಂತೂ ನಮ್ಮಲ್ಲಿ ಸುಮ್ನೆ ಕಣ್ಣುರಿ.

ಕತ್ತರಿಯ ಜೊತೆಗೆ ಬೇಕಾದರೆ ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಣೆ ಸೇರಿಸಬಹುದು, ಲೀಟರ್ ನೀರಿಗೆ 10 ಗ್ರಾಂ. ಫಿಲಿಪೈನ್ಸ್‌ನವರು 1970ರ ದಶಕದಿಂದ ಬಳಸುತ್ತಿರುವ ಉಪಾಯ ಇದು. ಬಲಿತು ಸುಮ್ಮನೆ ಕೂತ ಮೊಗ್ಗನ್ನು ಎಬ್ಬಿಸುವುದಷ್ಟೇ ಇದರ ಕೆಲಸ. ಎಲೆ ಕಡುಹಸಿರಾಗಿರಬೇಕು, ಮುಷ್ಟಿಯಲ್ಲಿ ಹಿಂಡಿದರೆ ಪಟಪಟ ಮುರಿಯಬೇಕು. ಮೆತ್ತಗೆ ಮಡಚಿಕೊಂಡರೆ ಪಂಪನ್ನು ಒಳಗಿಡಿ.