ಡಿಸೆಬಿಲಿಟಿ ಪೆನ್ಷನ್ ತಿರಸ್ಕಾರವಾಗಿದೆಯಾ? ಮೇಲ್ಮನವಿಯನ್ನು ಪರ್ಸೆಂಟೇಜ್ ಏಜೆಂಟರ ಕೈಗೆ ಕೊಡಬೇಡಿ

ಮಿಲಿಟರಿಯಿಂದ ನಿವೃತ್ತರಾದವರು, ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಡಿಸೆಬಿಲಿಟಿ ಪೆನ್ಷನ್ (ಸೇವೆಯಿಂದ ಬಂದ ಅಂಗವೈಕಲ್ಯಕ್ಕೆ ಕೊಡುವ ಪೆನ್ಷನ್) ಅರ್ಜಿ ತಿರಸ್ಕಾರವಾಯಿತು ಅನ್ನುವ ಸುದ್ದಿ ಕ್ಯಾಂಟೀನ್ ಕ್ಯೂನಲ್ಲಿ ಒಬ್ಬರ ಕಿವಿಗೆ ಬಿದ್ದರೆ ಸಾಕು, ‘ನನಗೆ ಕೊಡಿ, ನಾನು ಮಾಡಿಸ್ತೀನಿ, ಬಂದ ಅರಿಯರ್ಸ್‌ನಲ್ಲಿ (ಹಿಂದಿನ ಬಾಕಿ ಹಣದಲ್ಲಿ) ನನ್ನ ಪಾಲು ಕೊಟ್ಟರೆ ಆಯ್ತು’ ಅಂತ ಯಾರಾದರೂ ಬಂದೇ ಬರುತ್ತಾರೆ. ಅಂಥ ಒಬ್ಬ ಏಜೆಂಟ್ ನಮಗೆ ಮಾಡಿದ್ದನ್ನು ಹೇಳುತ್ತೇನೆ.

ನಮ್ಮ ಮನೆಯವರು ಹವಾಲ್ದಾರ್ ಆಗಿ ನಿವೃತ್ತರಾದವರು. ಎತ್ತರದ ಗಡಿ ಪೋಸ್ಟ್‌ಗಳಲ್ಲಿ ಭಾರ ಹೊತ್ತು ಹೊತ್ತು ಸೊಂಟದ ಡಿಸ್ಕ್ ಜಾರಿದೆ. ಈಗ ಚಪ್ಪಲಿ ಹಾಕಿಕೊಳ್ಳಲು ಬಗ್ಗಬೇಕೆಂದರೂ ಗೋಡೆ ಹಿಡಿಯಬೇಕು. ಬಿಡುಗಡೆ ಸಮಯದ ಮೆಡಿಕಲ್ ಬೋರ್ಡ್ ಶೇ 20 ಅಂಗವೈಕಲ್ಯ, ಅದೂ ಜೀವನಪೂರ್ತಿ ಅಂತ ಬರೆಯಿತು. ಆದರೆ ಅದೇ ಫಾರಂನಲ್ಲಿ, ಇದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ ಅಂತಲೂ ಬರೆಯಿತು. ಆ ಒಂದು ಸಾಲಿಗೆ ಅಂಗವೈಕಲ್ಯದ ಪಾಲು ಪೂರ್ತಿ ಹೋಯಿತು, ಬರೀ ಸರ್ವಿಸ್ ಪೆನ್ಷನ್ ಉಳಿಯಿತು.

ಏಜೆಂಟ್ ಡಿಸ್ಚಾರ್ಜ್ ಬುಕ್ (ಸೇವೆಯ ವಿವರ ಇರುವ ಬಿಡುಗಡೆ ಪುಸ್ತಕ) ಒರಿಜಿನಲ್ಲೇ ಬೇಕು ಅಂದ. ಖಾಲಿ ಹಾಳೆಗಳ ಮೇಲೆ ಇವರ ಸಹಿ ಮಾಡಿಸಿಕೊಂಡ. ‘ರೆಕಾರ್ಡ್ ಆಫೀಸ್‌ಗೆ (ಸೈನಿಕರ ಸೇವಾ ದಾಖಲೆ ಇಡುವ ಕಚೇರಿಗೆ) ನೀವಾಗಿ ಫೋನ್ ಮಾಡಬೇಡಿ, ಕೆಲಸ ಕೆಡುತ್ತೆ’ ಅಂತ ಬೇರೆ ಹೇಳಿದ. ತಿಂಗಳುಗಳು ಕಳೆದವು. ಕೊನೆಗೆ ಮೊದಲ ಮೇಲ್ಮನವಿಯೂ ತಿರಸ್ಕಾರ ಅಂತ ಪತ್ರ ಬಂತು.

ಅವನು ಏನು ಬರೆದಿದ್ದ ಅಂತ ನೋಡೋಣ ಎಂದು ಆರ್‌ಟಿಐ ಹಾಕಿ ಪ್ರತಿ ತರಿಸಿದೆವು. ಹೆಸರು ಸರಿ ಇತ್ತು, ಆರ್ಮಿ ನಂಬರ್ ಸರಿ ಇತ್ತು. ಮೂರನೇ ಪ್ಯಾರಾದಲ್ಲಿ ‘ಅರ್ಜಿದಾರರ ಸಕ್ಕರೆ ಕಾಯಿಲೆ’ ಅಂತ ಇತ್ತು! ಇವರಿಗೆ ಸಕ್ಕರೆ ಕಾಯಿಲೆಯೇ ಇಲ್ಲ. ಬೇರೆ ಯಾರದೋ ಅರ್ಜಿಯಲ್ಲಿ ಹೆಸರು, ನಂಬರ್ ಮಾತ್ರ ಬದಲಾಯಿಸಿ ಕಳಿಸಿದ್ದಾನೆ. ಡಿಸ್ಕ್ ಬಗ್ಗೆ ಒಂದು ಮಾತಿಲ್ಲ, ಎತ್ತರದ ಪೋಸ್ಟಿಂಗ್ ಬಗ್ಗೆ ಒಂದು ಸಾಲಿಲ್ಲ, ಕೊನೆಯಲ್ಲಿ ‘ಬಡ ಸೈನಿಕನ ಮೇಲೆ ಕರುಣೆ ತೋರಿಸಿ’ ಅಂತ ಮಾತ್ರ ಇದೆ. ಅದನ್ನು ಓದಿದ ದಿನ ಇವರು ಊಟ ಮಾಡಲಿಲ್ಲ. ಕರುಣೆ ಕೇಳಲು ಇವರೇನು ಭಿಕ್ಷೆಗೆ ನಿಂತಿದ್ದರಾ?

ಆ ಆರ್‌ಟಿಐನಲ್ಲೇ ಮೆಡಿಕಲ್ ಬೋರ್ಡ್‌ನ ಪೂರ್ತಿ ಕಾಗದವೂ ಸಿಕ್ಕಿತು. ಕೇಸ್ ಇರುವುದೇ ಅದರಲ್ಲಿ. ತಿರಸ್ಕಾರದ ಪತ್ರದಲ್ಲಿ ಕಾರಣ ಸರಿಯಾಗಿ ಇರಲೇ ಇಲ್ಲ, ಬೋರ್ಡ್ ಫಾರಂನಲ್ಲಿತ್ತು: ನೋವು ಶುರುವಾದದ್ದು ಪೀಸ್ ಸ್ಟೇಷನ್‌ನಲ್ಲಿ (ಗಡಿಯಿಂದ ದೂರದ ಶಾಂತ ಜಾಗದ ಪೋಸ್ಟಿಂಗ್‌ನಲ್ಲಿ), ಆದ್ದರಿಂದ ಸೇವೆಗೆ ಸಂಬಂಧವಿಲ್ಲ. ಅಷ್ಟೇ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಎಲ್ಲಿದ್ದರು, ಏನು ಹೊತ್ತರು ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆದರೆ ಸುಪ್ರೀಂ ಕೋರ್ಟ್ 2013ರಲ್ಲಿ ಧರ್ಮವೀರ್ ಸಿಂಗ್ ಕೇಸ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ: ಭರ್ತಿಯಾಗುವಾಗ ಕಾಯಿಲೆ ಇತ್ತು ಅಂತ ದಾಖಲೆಯಲ್ಲಿ ಇಲ್ಲದಿದ್ದರೆ ಆರೋಗ್ಯವಾಗಿದ್ದರು ಅಂತಲೇ ತಿಳಿಯಬೇಕು, ಸೇವೆಗೆ ಸಂಬಂಧವಿದೆ ಅಂತ ತೋರಿಸುವ ಹೊಣೆ ಸೈನಿಕನದಲ್ಲ, ಬೋರ್ಡ್ ಕಾರಣ ಕೊಡಬೇಕು. ಮೇಲ್ಮನವಿಯಲ್ಲಿ ಇರಬೇಕಾದದ್ದು ಇದು, ಜೊತೆಗೆ ಪೋಸ್ಟಿಂಗ್‌ಗಳ ವಿವರ, ಆಸ್ಪತ್ರೆಗೆ ಸೇರಿದ ದಾಖಲೆ. ಆರ್‌ಟಿಐಗೆ ಖರ್ಚು 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಕೊಡಬೇಕು. ಇದಕ್ಕೆ ಏಜೆಂಟ್ ಯಾಕೆ ಬೇಕು ಹೇಳಿ?

ಇನ್ನೊಂದು ಮೋಸ ಗೊತ್ತಿರಲಿ. ‘ನಿಮ್ಮ 20 ಪರ್ಸೆಂಟನ್ನು 50 ಮಾಡಿಸ್ತೀನಿ, ಮೇಲೆ ನನಗೆ ಜನ ಇದ್ದಾರೆ’ ಅಂತ ಈ ಏಜೆಂಟರು ಹೇಳುತ್ತಾರೆ. ಯಾರನ್ನೂ ಹಿಡಿಯಬೇಕಾಗಿಲ್ಲ. ಅಂಗವೈಕಲ್ಯ ಸೇವೆಯಿಂದಲೇ ಅಂತ ಒಪ್ಪಿದರೆ ಶೇ 50ಕ್ಕಿಂತ ಕಡಿಮೆ ಇರುವುದನ್ನು 50 ಅಂತ ಎಣಿಸುವ ನಿಯಮ ಮೊದಲೇ ಇದೆ. ವಯಸ್ಸಾಗಿ ನಿವೃತ್ತರಾದವರಿಗೂ ಅದು ಸಿಗಬೇಕು ಅಂತ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸ್‌ನಲ್ಲಿ ತೀರ್ಪಾಗಿದೆ. ಪೆನ್ಷನ್‌ನಲ್ಲಿ ಅಂಗವೈಕಲ್ಯದ ಪಾಲು ಶೇ 100 ಅಂಗವೈಕಲ್ಯಕ್ಕೆ ಕೊನೆಯ ಸಂಬಳದ ಶೇ 30. ಆ ಲೆಕ್ಕದಲ್ಲಿ 20ಕ್ಕೆ ಶೇ 6 ಬರುತ್ತದೆ, 50ಕ್ಕೆ ಶೇ 15. ನಿಮಗೆ ಹಕ್ಕಿನಿಂದ ಬರುವ ಈ ವ್ಯತ್ಯಾಸಕ್ಕೇ ಅವರು ಪಾಲು ಕೇಳುವುದು. ಆದರೆ 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ಆಮೇಲೆ ನಿವೃತ್ತರಾದವರು ಹಳೆಯವರ ಅರ್ಜಿಯನ್ನು ಸುಮ್ನೆ ನಕಲು ಮಾಡಿದರೆ ಕೆಲಸಕ್ಕೆ ಬರುವುದಿಲ್ಲ.

ಸಮಯದ ವಿಷಯದಲ್ಲಂತೂ ಸಡಿಲ ಬಿಡಲೇಬೇಡಿ. ತಿರಸ್ಕಾರದ ಪತ್ರ ಬಂದ 6 ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಹೋದರೆ ಮತ್ತೆ 6 ತಿಂಗಳೊಳಗೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ನಮ್ಮ ಕರ್ನಾಟಕದವರ ಕೇಸ್‌ಗಳು ಕೊಚ್ಚಿ ಪೀಠಕ್ಕೆ ಸೇರುತ್ತವೆ. ತಡವಾದರೆ ಕ್ಷಮಿಸುವ ಅವಕಾಶ ಇದೆ ನಿಜ, ಆದರೆ ತುಂಬಾ ತಡವಾಗಿ ಹೋದವರಿಗೆ ಸಾಮಾನ್ಯವಾಗಿ ಕೇಸ್ ಹಾಕುವ ಹಿಂದಿನ 3 ವರ್ಷದ ಅರಿಯರ್ಸ್ ಮಾತ್ರ ಕೊಡಿಸುತ್ತಾರೆ. ಅದಕ್ಕೂ ಹಿಂದಿನದು ಹೋದಂತೆಯೇ. ಏಜೆಂಟ್ ಕಾಗದ ಇಟ್ಟುಕೊಂಡು ಕೂತರೆ ಕಳೆದುಹೋಗುವುದು ನಿಮ್ಮ ದುಡ್ಡು.

ಎರಡನೇ ಮೇಲ್ಮನವಿಯನ್ನು ನಾವೇ ಬರೆದೆವು. ಕ್ಲರ್ಕ್ ಟ್ರೇಡ್‌ನಲ್ಲಿದ್ದು ನಿವೃತ್ತರಾದ ಸುಬೇದಾರ್ ಒಬ್ಬರು ಪಕ್ಕದಲ್ಲಿ ಕೂತು, ಬೋರ್ಡ್ ಫಾರಂನ ಒಂದೊಂದು ಕಾಲಂ ಓದಿ ಅರ್ಥ ಹೇಳಿದರು. ಒಂದು ಪೈಸೆ ಮುಟ್ಟಲಿಲ್ಲ ಅವರು. ಅದು ಇನ್ನೂ ವಿಚಾರಣೆಯಲ್ಲಿದೆ.

ಡಿಸ್ಚಾರ್ಜ್ ಬುಕ್ ವಾಪಸ್ ಕೇಳಿದಾಗ ಏಜೆಂಟ್ ‘ನನ್ನ ಖರ್ಚು ಕೊಡಿ’ ಅಂದ. ಪೊಲೀಸ್ ಸ್ಟೇಷನ್‌ಗೆ ಹೋಗುತ್ತೇವೆ ಅಂದ ಮೇಲೆ ಕೊಟ್ಟ, ಆದರೆ ಸಹಿ ಮಾಡಿದ ಖಾಲಿ ಹಾಳೆಗಳು ಎಲ್ಲವೂ ಬಂದಿಲ್ಲ. ಇಂಥವರ ಹತ್ತಿರ ನಿಮ್ಮ ಕಾಗದ ಈಗಾಗಲೇ ಇದ್ದರೆ, ವಾಪಸ್ ಕೊಡಿ ಅಂತ ಸ್ಪೀಡ್ ಪೋಸ್ಟ್‌ನಲ್ಲಿ ಬರೆದು ಕೇಳಿ, ‘ನನ್ನ ಪರವಾಗಿ ಬೇರೆ ಯಾರಿಗೂ ಅಧಿಕಾರ ಕೊಟ್ಟಿಲ್ಲ’ ಅಂತ ರೆಕಾರ್ಡ್ ಆಫೀಸ್‌ಗೂ ಒಂದು ಪತ್ರ ಹಾಕಿ. ನಾವು ಎರಡನ್ನೂ ಮಾಡಿದ್ದೇವೆ.