ಜಾಸ್ತಿ ಪವರ್‌ನ ಪಿಕಪ್‌ಗೆ ಮ್ಯಾನುಯಲ್ ತಡೆಯುತ್ತಾ? ಹೈಲಕ್ಸ್ ಜೊತೆ ಮೂರು ವರ್ಷ

ನಮ್ಮ ಮನೆ ಬೆಂಗಳೂರಿನ ಬನಶಂಕರಿಯಲ್ಲಿ, ತೋಟ ಕನಕಪುರದ ಆಚೆ. ವಾರಕ್ಕೆ ಎರಡು ಸಲ ಹೋಗಿ ಬರಬೇಕು. ಹೋಗುವಾಗ ಗೊಬ್ಬರ, ಡ್ರಿಪ್ ಪೈಪು. ಬರುವಾಗ ತೆಂಗಿನಕಾಯಿ, ಬಾಳೆಗೊನೆ. ಮೂರು ವರ್ಷದಿಂದ ಈ ಕೆಲಸವನ್ನೆಲ್ಲ ಟೊಯೋಟಾ ಹೈಲಕ್ಸ್ ಮಾಡುತ್ತಿದೆ. ಆರು ಗೇರಿನ ಮ್ಯಾನುಯಲ್, ಓಡಿದ್ದು 58 ಸಾವಿರ ಕಿಲೋಮೀಟರ್. "ಅಷ್ಟು ಪವರ್‌ಗೆ ಮ್ಯಾನುಯಲ್ ತಡೆಯುತ್ತಾ?" ಅಂತ ತುಂಬಾ ಜನ ಕೇಳುತ್ತಾರೆ.

ಅದೇ ಪ್ರಶ್ನೆಗೆ ನಾನು ಒಂದು ಗಾಡಿಯನ್ನೇ ಕಳೆದುಕೊಂಡಿದ್ದೇನೆ. ಇದಕ್ಕೆ ಮೊದಲು ಐದು ಗೇರಿನ ಹಳೇ ಪಿಕಪ್ ಇತ್ತು. ಪವರ್ ಸಾಲದು ಅಂತ ಇಸಿಯು ರೀಮ್ಯಾಪ್ ಮಾಡಿಸಿದೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸಿ ಪವರ್ ಏರಿಸಿದೆ. ಆರು ತಿಂಗಳು ಖುಷಿಯೋ ಖುಷಿ. ಒಂದು ದಿನ ಲೋಡ್ ಹಾಕಿಕೊಂಡು ಶಿರಾಡಿ ಘಾಟ್ ಹತ್ತುತ್ತಿದ್ದೆ. ಆರ್‌ಪಿಎಂ ಏರುತ್ತಿದೆ, ಗಾಡಿ ಮಾತ್ರ ಏರುತ್ತಿಲ್ಲ. ಕ್ಲಚ್ ಸುಟ್ಟ ವಾಸನೆ. ಊರಿಗೆ ಬಂದು ಇನ್ನೂ ಗಟ್ಟಿ ಕ್ಲಚ್ ಹಾಕಿಸಿದೆ. ಅದು ಜಾರಲಿಲ್ಲ ನಿಜ. ಆದರೆ ಹೊಡೆತವೆಲ್ಲ ಗೇರ್‌ಬಾಕ್ಸಿನ ಒಳಕ್ಕೆ ಹೋಯಿತು. ಏರಿನಲ್ಲಿ ಮೂರನೇ ಗೇರ್ ಗುಂಯ್ ಅನ್ನತೊಡಗಿತು. ಕಲಾಸಿಪಾಳ್ಯದ ಮೆಕ್ಯಾನಿಕ್ ಗೇರ್ ಆಯಿಲ್ ಇಳಿಸಿ, ಬೆರಳು ಅದ್ದಿ ಬಿಸಿಲಿಗೆ ಹಿಡಿದರು. ಎಣ್ಣೆ ತುಂಬಾ ಬೆಳ್ಳಿ ಪುಡಿಯ ಹಾಗೆ ಮಿನುಗು. ಬೇರಿಂಗ್ ಸವೆದು ಬಂದ ಉಕ್ಕು. "ಸಾರ್, ಇಂಜಿನ್‌ಗೆ ಬಲ ಕೊಟ್ರಿ. ಇದಕ್ಕೆ ಯಾರು ಕೊಡ್ತಾರೆ?" ಅಂದರು.

ಆಮೇಲೆ ಗಾಡಿ ಹುಡುಕುವಾಗ ನಾನು ಮೊದಲು ನೋಡಿದ್ದು ಟಾರ್ಕ್. ಗೇರಿನ ಹಲ್ಲು, ಶಾಫ್ಟು, ಬೇರಿಂಗು ಇವೆಲ್ಲ ತಡೆಯಬೇಕಾದ ತಿರುಚುವ ಬಲ ಅದೇ. ಹಾರ್ಸ್‌ಪವರ್ ಅಂದರೆ ಆ ಬಲ ಮತ್ತು ಅದು ತಿರುಗುವ ವೇಗ ಎರಡೂ ಸೇರಿದ ಲೆಕ್ಕ. ಟರ್ಬೊ ಡೀಸೆಲ್‌ಗಳು ಕಡಿಮೆ ಆರ್‌ಪಿಎಂನಲ್ಲೇ ಪೂರ್ತಿ ಟಾರ್ಕ್ ಕೊಡುತ್ತವೆ. ಹಾಗಾಗಿ ಅವುಗಳ ಗೇರ್‌ಬಾಕ್ಸ್‌ಗೆ ಬಿಡುವೇ ಇಲ್ಲ.

ಹೈಲಕ್ಸ್ 2022ರಲ್ಲಿ ನಮ್ಮ ದೇಶಕ್ಕೆ ಬಂತು. ತಯಾರಾಗುವುದು ಇಲ್ಲೇ ಬಿಡದಿಯಲ್ಲಿ. 2.8 ಲೀಟರ್ ಡೀಸೆಲ್, ಮ್ಯಾನುಯಲ್, ಆಟೋಮ್ಯಾಟಿಕ್ ಎರಡೂ ಮಾದರಿಗೆ 204 ಪಿಎಸ್ (ಹಾರ್ಸ್‌ಪವರ್‌ನಂಥದ್ದೇ ಅಳತೆ). ಆದರೆ ಆಟೋಮ್ಯಾಟಿಕ್‌ಗೆ 500 ನ್ಯೂಟನ್ ಮೀಟರ್ ಟಾರ್ಕ್, ಮ್ಯಾನುಯಲ್‌ಗೆ 420. ಬ್ರೋಶರ್ ನೋಡಿದಾಗ ಬೇಜಾರಾಗಿತ್ತು. ಈಗ ಅನ್ನಿಸುತ್ತೆ, ಗಾಡಿ ತುಂಬಾ ವರ್ಷ ಬಾಳಬೇಕು ಅನ್ನುವವರಿಗೆ ಈ 420 ಒಳ್ಳೆಯದೇ. ಅಮೆರಿಕದ ದೊಡ್ಡ ಪಿಕಪ್‌ಗಳಲ್ಲೂ ಹೀಗೇ ಇತ್ತು. 2018ರ ರಾಮ್ ಪಿಕಪ್‌ನಲ್ಲಿ 6.7 ಲೀಟರ್ ಕಮಿನ್ಸ್ ಇಂಜಿನ್‌ಗೆ ಮ್ಯಾನುಯಲ್ ಜೊತೆ 660 ಪೌಂಡ್-ಫೀಟ್ (ಅಲ್ಲಿನ ಅಳತೆ) ಟಾರ್ಕ್, ಗಟ್ಟಿ ಆಟೋಮ್ಯಾಟಿಕ್ ಜೊತೆ 930. ಅದರ ಮುಂದಿನ ಮಾದರಿಯಲ್ಲಿ ಮ್ಯಾನುಯಲ್ಲನ್ನೇ ನಿಲ್ಲಿಸಿದರು.

ಓಡಿಸೋಕೆ ಹೇಗಿದೆ? ತೋಟದ ಕೆಸರಿನಲ್ಲಿ ಎಲ್4 (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಹಾಕಿ ಮೊದಲ ಗೇರಿನಲ್ಲಿ ಬಿಟ್ಟರೆ ಆಕ್ಸಿಲರೇಟರ್ ಮುಟ್ಟದೆಯೇ ತೆವಳಿಕೊಂಡು ಹತ್ತುತ್ತೆ. ಐಎಂಟಿ ಅನ್ನುವ ಸೌಲಭ್ಯ ಆನ್ ಮಾಡಿದರೆ ಗೇರ್ ಇಳಿಸುವಾಗ ಇಂಜಿನ್ ತಾನೇ ಆರ್‌ಪಿಎಂ ಹೊಂದಿಸಿಕೊಳ್ಳುತ್ತೆ, ಕ್ಲಚ್‌ಗೆ ಜರ್ಕ್ ಬೀಳಲ್ಲ. ಘಾಟಿಯಲ್ಲಿ ಇದು ದೊಡ್ಡ ಉಪಕಾರ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮುಕ್ಕಾಲು ಗಂಟೆ ನಿಂತರೆ ಎಡಗಾಲು ನೋಯುತ್ತೆ, ಅದು ಯಾವ ಮ್ಯಾನುಯಲ್ ಆದರೂ ಅಷ್ಟೇ. ದಿನಾ ಔಟರ್ ರಿಂಗ್ ರೋಡಿನಲ್ಲಿ ಆಫೀಸಿಗೆ ಹೋಗುವವರು ಆಟೋಮ್ಯಾಟಿಕ್ಕೇ ತೊಗೊಳ್ಳಿ. ಉದ್ದ 5.3 ಮೀಟರ್ ದಾಟುತ್ತೆ, ಗಾಂಧಿ ಬಜಾರಿಗೆ ನಾನು ಸ್ಕೂಟರಿನಲ್ಲೇ ಹೋಗುತ್ತೇನೆ.

40 ಸಾವಿರ ಕಿಲೋಮೀಟರಿಗೆ ಗೇರ್ ಆಯಿಲ್ ಬದಲಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದೆ. ಬಣ್ಣ ಕಪ್ಪಾಗಿತ್ತು, ಮಿನುಗು ಇರಲಿಲ್ಲ. ಕ್ಲಚ್ ಇನ್ನೂ ಮೊದಲಿನದೇ. ರೀಮ್ಯಾಪ್ ಕಡೆ ಮತ್ತೆ ತಲೆ ಹಾಕಿಲ್ಲ. ಆರನೇ ಗೇರಿನಲ್ಲಿ ಆರ್‌ಪಿಎಂ 1,200ಕ್ಕೆ ಇಳಿದಾಗ ಪೆಡಲ್ ತುಳಿದು ಎಳೆಸುವ ಅಭ್ಯಾಸ ನನಗಿತ್ತು, ಅದನ್ನೂ ಬಿಟ್ಟೆ. ಒಂದು ಗೇರ್ ಇಳಿಸೋಕೆ ಎಷ್ಟು ಹೊತ್ತು ಬೇಕು, ಅಲ್ವಾ?

ಸೆಕೆಂಡ್ ಹ್ಯಾಂಡ್ ಮ್ಯಾನುಯಲ್ ಪಿಕಪ್ ನೋಡುತ್ತಿದ್ದರೆ ಖಾಲಿ ರಸ್ತೆಯ ಏರಿಗೆ ಕರೆದುಕೊಂಡು ಹೋಗಿ. ನಾಲ್ಕನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ಗಾಡಿ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಇಂಜಿನ್ ಮೊದಲಿನದೇ ಟ್ಯೂನ್‌ನಲ್ಲಿದೆಯಾ ಅಂತ ಆಗಲೇ ಕೇಳಿ.